ದೊಡ್ಡ ಹೈಬ್ರಿಡ್ ಎಸ್‌ಯುವಿಗಳ ಎಂಜಿನಿಯರಿಂಗ್ ಮತ್ತು ಮೈಲೇಜ್: ಪುಣೆಯ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬದ ವಾಹನಕ್ಕೆ ಸಾಮಾನ್ಯವಾಗಿ ಎರಡು ಬಗೆಯ ದುಡಿಮೆ ಇರುತ್ತದೆ. ಕೆಲಸದ ದಿನಗಳಲ್ಲಿ ಒಬ್ಬರೋ ಇಬ್ಬರೋ ಕುಳಿತು ಹಿಂಜವಡಿ, ಖರಾಡಿ, ಚಾಕಣದ ಕಡೆಗೆ ತೆವಳುವುದು ಒಂದು. ಹಬ್ಬ, ಮದುವೆ, ಜಾತ್ರೆ ಬಂದಾಗ ಅಜ್ಜಿ, ಮಕ್ಕಳು, ಸಾಮಾನು ಎಲ್ಲವನ್ನೂ ತುಂಬಿಕೊಂಡು ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿಗೋ ಹುಬ್ಬಳ್ಳಿಗೋ ಓಡುವುದು ಇನ್ನೊಂದು. ಎಂಜಿನ್ನಿನ ಜೊತೆ ವಿದ್ಯುತ್ ಮೋಟಾರೂ ಇರುವ, ಏಳು ಜನ ಕೂರುವ ಹೈಬ್ರಿಡ್ ಗಾಡಿ ಈ ಎರಡರಲ್ಲೂ ಒಂದೇ ರೀತಿ ಪೆಟ್ರೋಲ್ ಉಳಿಸುತ್ತದೆಯೇ ಎಂಬುದೇ ಇಲ್ಲಿನ ಬಹುಪಾಲು ಪ್ರಶ್ನೆಗಳ ಬೇರು. ಉತ್ತರಗಳಲ್ಲಿ ಕೊಟ್ಟಿರುವ ಲೆಕ್ಕಗಳು ಸ್ಥೂಲವಾದವು. ಜನ, ಸಾಮಾನು ಸೇರಿ ಎರಡು ಟನ್ ತೂಗುವ ವಾಹನವನ್ನು ಆಧಾರವಾಗಿಟ್ಟುಕೊಂಡು ಮಾಡಿದವು.

ಹಿಂಬದಿಯಲ್ಲಿ ‘ಹೈಬ್ರಿಡ್’ ಎಂದು ಬರೆದ ಗಾಡಿಗಳೆಲ್ಲ ಒಂದೇ ಬಗೆಯವೇ?

ಅಲ್ಲ. ಖರೀದಿಗೆ ಮೊದಲು ಸ್ಪಷ್ಟ ಮಾಡಿಕೊಳ್ಳಬೇಕಾದ ಮೊದಲ ಸಂಗತಿಯೇ ಇದು. ಮೈಲ್ಡ್ ಹೈಬ್ರಿಡ್‌ನಲ್ಲಿ 12 ಅಥವಾ 48 ವೋಲ್ಟಿನ ಸಣ್ಣ ಮೋಟಾರು ಎಂಜಿನ್ನಿಗೆ ಕೈಜೋಡಿಸುತ್ತದೆಯೇ ಹೊರತು, ಗಾಡಿಯನ್ನು ತಾನೊಂದೇ ಎಳೆಯುವುದಿಲ್ಲ. ಸಿಗ್ನಲ್‌ನಲ್ಲಿ ಎಂಜಿನ್ ನಿಲ್ಲಿಸಿ ಮತ್ತೆ ಮೆತ್ತಗೆ ಚಾಲೂ ಮಾಡುವುದೇ ಅದರ ಮುಖ್ಯ ಕೆಲಸ. 2025ರಲ್ಲಿ ಬಂದ ಫಾರ್ಚ್ಯೂನರ್ ನಿಯೋ ಡ್ರೈವ್ ಇಂಥ 48 ವೋಲ್ಟಿನ ಡೀಸೆಲ್ ಗಾಡಿ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಮೋಟಾರು ಗಾಡಿಯನ್ನು ಸ್ವಂತ ಬಲದಿಂದ ಓಡಿಸಬಲ್ಲದು, ಮತ್ತು ಬ್ರೇಕ್ ಹಾಕಿದಾಗ ಗಣನೀಯ ಪ್ರಮಾಣದ ವಿದ್ಯುತ್ತನ್ನು ಹಿಂದಕ್ಕೆ ಪಡೆಯಬಲ್ಲದು. ಬಿಡದಿಯಲ್ಲಿ ತಯಾರಾಗುವ ಇನೋವಾ ಹೈಕ್ರಾಸ್, ಅದರದೇ ರೂಪಾಂತರವಾದ ಮಾರುತಿ ಇನ್ವಿಕ್ಟೊ, ಐಷಾರಾಮಿ ಕಡೆಗೆ ಹೋದರೆ ಲೆಕ್ಸಸ್ ಆರ್‌ಎಕ್ಸ್ 350ಎಚ್ ಈ ಗುಂಪಿನವು. ಹೈಕ್ರಾಸ್ ಮತ್ತು ಇನ್ವಿಕ್ಟೊ ಕಟ್ಟುನಿಟ್ಟಾಗಿ ನೋಡಿದರೆ ಎಂಪಿವಿಗಳು, ಅಂದರೆ ಜನ, ಸಾಮಾನು ಎರಡಕ್ಕೂ ಜಾಗವಿರುವ ಕುಟುಂಬದ ಗಾಡಿಗಳು. ಆದರೆ ಏಳು ಸೀಟಿನ ಎಸ್‌ಯುವಿ ಹುಡುಕುವ ಮನೆಗಳು ಇವನ್ನೂ ಅದೇ ಪಟ್ಟಿಯಲ್ಲಿ ಇಟ್ಟು ನೋಡುವುದರಿಂದ ಇಲ್ಲಿಯೂ ಹಾಗೆಯೇ ಪರಿಗಣಿಸಲಾಗಿದೆ. ಮೂರನೆಯದು ಪ್ಲಗ್-ಇನ್: ದೊಡ್ಡ ಬ್ಯಾಟರಿ, ಮನೆಯಲ್ಲಿ ಚಾರ್ಜಿಂಗ್. ಸೊಸೈಟಿಯ ಪಾರ್ಕಿಂಗ್‌ನಲ್ಲಿ ಚಾರ್ಜರ್ ಹಾಕಿಸಿ, ದಿನವೂ ತಪ್ಪದೆ ಚಾರ್ಜ್ ಮಾಡದಿದ್ದರೆ ಅದು ಭಾರವಾದ ಪೆಟ್ರೋಲ್ ಗಾಡಿಯೇ ಸರಿ. ಮುಂದಿನ ಉತ್ತರಗಳು, ಬೇರೆ ಹೇಳದ ಕಡೆಯಲ್ಲೆಲ್ಲ, ಸ್ಟ್ರಾಂಗ್ ಹೈಬ್ರಿಡ್‌ಗೆ ಸಂಬಂಧಿಸಿದವು.

ಹೊರಗಿನಿಂದ ಚಾರ್ಜ್ ಮಾಡದಿದ್ದ ಮೇಲೆ, ಉಳಿತಾಯ ಬರುವುದಾದರೂ ಎಲ್ಲಿಂದ?

ಸ್ಟ್ರಾಂಗ್ ಹೈಬ್ರಿಡ್‌ಗೆ ಬರುವ ಶಕ್ತಿಯೆಲ್ಲ ಪೆಟ್ರೋಲಿನದೇ. ಹಾಗಿರುವಾಗ ಉಳಿತಾಯವೆಂದರೆ, ಸಾಮಾನ್ಯ ಗಾಡಿ ಸೋರಿಹೋಗಲು ಬಿಡುವುದನ್ನು ಹಿಡಿದಿಟ್ಟುಕೊಳ್ಳುವುದಷ್ಟೆ. ಈ ಸೋರಿಕೆ ಮೂರು ಕಡೆ ಇದೆ.

ಮೊದಲನೆಯದು ಬ್ರೇಕ್. ಎರಡು ಟನ್ನಿನ ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದಾಗ ಅದರಲ್ಲಿ ಸುಮಾರು 278 ಕಿಲೋಜೂಲ್ ಚಲನಶಕ್ತಿ ಇರುತ್ತದೆ; ಮಹಾವಿತರಣದ ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ ಯೂನಿಟ್ಟಿನ (ಕಿಲೋವ್ಯಾಟ್ ಅವರ್) ಹದಿಮೂರನೆಯ ಒಂದು ಪಾಲು. ಆ ವೇಗವನ್ನು ಮತ್ತೆ ಗಳಿಸಲು ಎಂಜಿನ್ ಹತ್ತಿರ ಹತ್ತಿರ 30 ಮಿಲಿಲೀಟರ್ ಪೆಟ್ರೋಲ್ ಸುಡಬೇಕು. ಒಂದು ಸಿಗ್ನಲ್‌ಗೆ ಇದು ನಗಣ್ಯವೆನಿಸುತ್ತದೆ. ಆದರೆ ಅಂಥ ನೂರು ನಿಲುಗಡೆಗಳಿಗೆ ಮೂರು ಲೀಟರ್ ಆಗುತ್ತದೆ, ಮತ್ತು ಸಾಮಾನ್ಯ ಗಾಡಿಯಲ್ಲಿ ಆ ಪೆಟ್ರೋಲಿನಿಂದ ಗಳಿಸಿದ ಚಲನಶಕ್ತಿಯೆಲ್ಲ ಬ್ರೇಕ್ ಪ್ಯಾಡಿನ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಹೈಬ್ರಿಡ್‌ನಲ್ಲಿ ಮೋಟಾರೇ ಜನರೇಟರ್ ಆಗಿ ತಿರುಗಿ ಅದರಲ್ಲಿ ಒಂದು ದೊಡ್ಡ ಪಾಲನ್ನು ಬ್ಯಾಟರಿಗೆ ಕಳುಹಿಸುತ್ತದೆ. ತೂಕ ಹೆಚ್ಚಿದಷ್ಟೂ ಈ ಬಾಬತ್ತು ದೊಡ್ಡದಾಗುವುದರಿಂದ, ದೊಡ್ಡ ಗಾಡಿಗೆ ಹೈಬ್ರಿಡ್ ವ್ಯವಸ್ಥೆಯ ಪ್ರಯೋಜನ ಹೆಚ್ಚು.

ಎರಡನೆಯದು ನಿಂತಲ್ಲೇ ಓಡುವ ಎಂಜಿನ್. ಏಸಿ ಹಾಕಿಕೊಂಡು ನಿಂತ ಎರಡು ಲೀಟರಿನ ಪೆಟ್ರೋಲ್ ಎಂಜಿನ್ ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. ಹಿಂಜವಡಿಯ ಸಂಜೆಯನ್ನು ಬಲ್ಲವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಹೈಬ್ರಿಡ್‌ನಲ್ಲಿ ಏಸಿಯ ಕಂಪ್ರೆಸರ್ ಕೂಡ ವಿದ್ಯುತ್ತಿನದು. ಎಂಜಿನ್ ಸುಮ್ಮನಿದ್ದರೂ ತಂಪು ಬರುತ್ತದೆ. ಮೇ ತಿಂಗಳ ಮಧ್ಯಾಹ್ನ ಮಾತ್ರ ಏಸಿ ಬ್ಯಾಟರಿಯನ್ನು ಬೇಗ ಬರಿದು ಮಾಡುವುದರಿಂದ, ಎಂಜಿನ್ ಕೆಲವು ನಿಮಿಷಗಳಿಗೊಮ್ಮೆ ಎದ್ದು ಚಾರ್ಜ್ ಮಾಡಿ ಮಲಗುತ್ತದೆ. ಅದು ದೋಷವಲ್ಲ.

ಮೂರನೆಯದು ಕಣ್ಣಿಗೆ ಕಾಣದ, ಆದರೆ ಎಂಜಿನಿಯರಿಂಗ್ ದೃಷ್ಟಿಯಿಂದ ಅತ್ಯಂತ ಸ್ವಾರಸ್ಯಕರವಾದ ಭಾಗ. ಪೆಟ್ರೋಲ್ ಎಂಜಿನ್ ಕಡಿಮೆ ಹೊರೆಯಲ್ಲಿ ದುಡಿಯುವಾಗ ಬಹಳ ದುಂದು ಮಾಡುತ್ತದೆ. ಮಧ್ಯಮ ವೇಗ, ಸಾಕಷ್ಟು ಹೊರೆ ಇದ್ದಾಗಲೇ ಅದರ ದಕ್ಷತೆ ಉತ್ತಮ. ಹೈಬ್ರಿಡ್‌ನ ಕಂಪ್ಯೂಟರು ಎಂಜಿನ್ನನ್ನು ಆ ಉತ್ತಮ ವಲಯದಲ್ಲೇ ಓಡಿಸಿ, ಹೆಚ್ಚಾದದ್ದನ್ನು ಬ್ಯಾಟರಿಗೆ ಹಾಕಿ, ಕಡಿಮೆ ಬಿದ್ದಾಗ ಅಲ್ಲಿಂದ ತೆಗೆಯುತ್ತದೆ. ಇದರ ಜೊತೆಗೆ ಎಂಜಿನ್ ಅಟ್ಕಿನ್ಸನ್ ಕ್ರಮದಲ್ಲಿ ಕೆಲಸ ಮಾಡುತ್ತದೆ. 1882ರಲ್ಲಿ ಜೇಮ್ಸ್ ಅಟ್ಕಿನ್ಸನ್ ಎಂಬ ಇಂಗ್ಲಿಷ್ ಎಂಜಿನಿಯರು ಇದೇ ಗುರಿಗಾಗಿ ಜಟಿಲವಾದ ಸಂಧಿದಂಡಗಳನ್ನು ಜೋಡಿಸಿದ್ದರು. ಇಂದಿನ ಎಂಜಿನ್ನುಗಳು ಒಳಹರಿವಿನ ಕವಾಟವನ್ನು ತಡವಾಗಿ ಮುಚ್ಚಿ ಅದೇ ಫಲ ಪಡೆಯುತ್ತವೆ. ಒತ್ತುವ ದೂರ ಕಡಿಮೆ, ಹಿಗ್ಗುವ ದೂರ ಹೆಚ್ಚು. ಉರಿದ ಅನಿಲದಿಂದ ಕೊನೆಯ ಹನಿ ಕೆಲಸವನ್ನೂ ಹಿಂಡಿಕೊಳ್ಳುವ ಉಪಾಯ ಇದು. ಇದರಿಂದ ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ (ತಿರುಗಿಸುವ ಬಲ) ಸೊರಗುತ್ತದೆ, ಆದರೆ ಆ ಕೊರತೆಯನ್ನು ಮೋಟಾರು ತುಂಬಿಕೊಡುತ್ತದೆ. ಟೊಯೋಟಾದ 2.5 ಲೀಟರಿನ ಹೈಬ್ರಿಡ್ ಎಂಜಿನ್ನಿನ ಗರಿಷ್ಠ ಉಷ್ಣದಕ್ಷತೆ ಶೇ. 41 ಎಂದು ಕಂಪನಿ ಘೋಷಿಸಿದೆ. ಪೆಟ್ರೋಲ್ ಎಂಜಿನ್ನಿಗೆ ಇದು ದೊಡ್ಡ ಅಂಕಿ.

ಗೇರ್ ಬದಲಾದದ್ದೇ ತಿಳಿಯುವುದಿಲ್ಲ, ಎಂಜಿನ್ ಮಾತ್ರ ಒಮ್ಮೊಮ್ಮೆ ಸುಮ್ಮನೆ ಕೂಗುತ್ತದೆ. ಏಕೆ?

ಬದಲಾಗಲು ಅಲ್ಲಿ ಗೇರುಗಳೇ ಇಲ್ಲ. ಎಂಜಿನ್, ಮೋಟಾರುಗಳ ಬಲವನ್ನು ಚಕ್ರಕ್ಕೆ ಒಯ್ಯುವ ಟೊಯೋಟಾದ ಇ-ಸಿವಿಟಿ ವ್ಯವಸ್ಥೆಯ ಹೃದಯಭಾಗದಲ್ಲಿ ಇರುವುದು ಒಂದು ಪ್ಲಾನೆಟರಿ ಗೇರ್ ಜೋಡಣೆ: ನಡುವಿನ ಸನ್ ಗೇರಿಗೆ ಮೊದಲ ಮೋಟಾರು, ಅದರ ಸುತ್ತ ತಿರುಗುವ ಸಣ್ಣ ಗೇರುಗಳ ಚೌಕಟ್ಟಿಗೆ ಎಂಜಿನ್, ಹೊರಗಿನ ರಿಂಗ್ ಗೇರಿಗೆ ಚಕ್ರಗಳು ಮತ್ತು ಎರಡನೆಯ ಮೋಟಾರು. ಮೊದಲ ಮೋಟಾರಿನ ವೇಗವನ್ನು ಹಿಂದುಮುಂದು ಮಾಡಿದರೆ ಸಾಕು, ಗಾಡಿಯ ವೇಗ ಏನೇ ಇರಲಿ, ಎಂಜಿನ್ ತನಗೆ ಬೇಕಾದ ವೇಗದಲ್ಲಿ ತಿರುಗಬಹುದು. ಎಂಜಿನ್ನನ್ನು ಎಬ್ಬಿಸುವುದೂ ಇದೇ ಮೋಟಾರು. ಬೇರೆ ಸ್ಟಾರ್ಟರ್ ಇಲ್ಲ, ಕ್ಲಚ್ ಇಲ್ಲ, ಬೆಲ್ಟೂ ಇಲ್ಲ. ಸ್ಕೂಟರುಗಳಲ್ಲಿರುವ ಬೆಲ್ಟಿನ ಸಿವಿಟಿಗೂ ಇದಕ್ಕೂ ಹೆಸರಿನ ಹೋಲಿಕೆಯ ಹೊರತು ಸಂಬಂಧವಿಲ್ಲ.

ಖಂಬಾಟಕಿ ಘಾಟಿಯಲ್ಲಿ ಏಳು ಜನರನ್ನು ಹೊತ್ತು ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಒಂದೇ ಎತ್ತರದ ಸ್ವರದಲ್ಲಿ ಕೂಗುವುದಕ್ಕೆ ಕಾರಣ ಇದೇ: ಕಂಪ್ಯೂಟರು ಅದನ್ನು ಗರಿಷ್ಠ ಶಕ್ತಿಯ ವೇಗಕ್ಕೆ ಒಯ್ದು ಅಲ್ಲೇ ನಿಲ್ಲಿಸಿರುತ್ತದೆ. ಡೀಸೆಲ್ ಇನೋವಾದಿಂದ ಬಂದವರಿಗೆ ಈ ಸದ್ದು ರುಚಿಸದು. ಒಗ್ಗಿಕೊಳ್ಳಬೇಕಾದ ಮಾತು, ಅಷ್ಟೆ.

ಎಲ್ಲ ದೊಡ್ಡ ಹೈಬ್ರಿಡ್‌ಗಳೂ ಹೀಗಿರುವುದಿಲ್ಲ. ಅಮೆರಿಕದಲ್ಲಿ ಮಾರುವ ಟೊಯೋಟಾ ಸಿಕ್ವೊಯಾದಲ್ಲಿ ಟ್ವಿನ್ ಟರ್ಬೊ ವಿ6 ಎಂಜಿನ್ನಿಗೂ ಹತ್ತು ವೇಗದ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೂ ನಡುವೆ ಒಂದು ಮೋಟಾರನ್ನು ಕೂರಿಸಲಾಗಿದೆ. ಒಟ್ಟು 437 ಅಶ್ವಶಕ್ತಿ. ಉದ್ದೇಶ ಬಲವೇ ಹೊರತು ಮಿತವ್ಯಯವಲ್ಲ. ಅಮೆರಿಕದ ಅಧಿಕೃತ ಪರೀಕ್ಷೆಯಲ್ಲಿ ಅದರ ಎರಡು ಚಕ್ರ ಚಾಲನೆಯ ಮಾದರಿಗೆ ಸಿಗುವುದು ಲೀಟರಿಗೆ 9.4 ಕಿಲೋಮೀಟರಿನ ಆಸುಪಾಸು, ಆದರೆ ಅದೇ ಕಂಪನಿಯ ಹೈಲ್ಯಾಂಡರ್ ಹೈಬ್ರಿಡ್‌ಗೆ 15ಕ್ಕಿಂತ ಹೆಚ್ಚು.

ಬೋರ್ ಘಾಟ್ ಇಳಿಯುವಾಗ ಅರ್ಧದಾರಿಯಲ್ಲೇ ಬ್ಯಾಟರಿ ತುಂಬಿ, ಎಂಜಿನ್ ಜೋರಾಗಿ ಸದ್ದು ಮಾಡುತ್ತದೆ. ಇಳಿಜಾರಿನಲ್ಲಿ ಎಂಜಿನ್ನಿಗೇನು ಕೆಲಸ?

ಮುಂಬೈ ಕಡೆಗೆ ಹೋಗುವವರೆಲ್ಲ ಗಮನಿಸುವ ಸಂಗತಿ ಇದು. ಖಂಡಾಳದಿಂದ ಖೋಪೋಲಿಯವರೆಗೆ ರಸ್ತೆ ಅರ್ಧ ಕಿಲೋಮೀಟರಿನಷ್ಟು ಕೆಳಗಿಳಿಯುತ್ತದೆ. ಎರಡು ಟನ್ನಿನ ಗಾಡಿ ಅಷ್ಟು ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 2.7 ಯೂನಿಟ್. ಟಯರಿನ ತಿಕ್ಕಾಟ ಮತ್ತು ಗಾಳಿ ಅದರಲ್ಲಿ ಅರ್ಧದಷ್ಟನ್ನು ತಿಂದರೂ, ಇನ್ನೂ ಒಂದು ಯೂನಿಟ್ಟಿಗಿಂತ ಹೆಚ್ಚು ಹಿಡಿದಿಡಲು ಉಳಿಯುತ್ತದೆ. ಸ್ಟ್ರಾಂಗ್ ಹೈಬ್ರಿಡ್‌ನ ಬ್ಯಾಟರಿ ಒಟ್ಟು ಒಂದರಿಂದ ಎರಡು ಯೂನಿಟ್ಟಿನದು. ಆಯುಷ್ಯ ಕಾಪಾಡಲೆಂದು ಕಂಪ್ಯೂಟರು ಅದನ್ನು ಪೂರ್ತಿ ಬರಿದಾಗಲೂ ಬಿಡುವುದಿಲ್ಲ, ಪೂರ್ತಿ ತುಂಬಲೂ ಬಿಡುವುದಿಲ್ಲ. ನಡುವಿನ ಅರ್ಧದಷ್ಟು ಭಾಗವನ್ನು ಮಾತ್ರ ಬಳಸುತ್ತದೆ. ಹೀಗಾಗಿ ಇಳಿಜಾರು ಮುಗಿಯುವ ಮೊದಲೇ ಜಾಗ ಮುಗಿಯುತ್ತದೆ. ಆಗ ಮೋಟಾರು ಆ ಶಕ್ತಿಯನ್ನು ಎಂಜಿನ್ನನ್ನು ತಿರುಗಿಸುವುದಕ್ಕೇ ಸುರಿಯುತ್ತದೆ. ಪೆಟ್ರೋಲ್ ಬೀಳದೆ, ಬರೀ ಗಾಳಿಯನ್ನು ಒತ್ತುತ್ತಾ ಎಂಜಿನ್ ಬ್ರೇಕಿನಂತೆ ದುಡಿಯುತ್ತದೆ. ಗೇರ್ ಕಡ್ಡಿಯಲ್ಲಿರುವ ‘ಬಿ’ ಸ್ಥಾನ ಬೇಡುವುದೂ ಇದನ್ನೇ.

ಇಳಿಯುವಾಗ ‘ಬಿ’ ಬಳಸುವುದು ಸರಿಯಾದ ಕ್ರಮ, ಏಕೆಂದರೆ ಪ್ಯಾಡುಗಳು ಕಾಯುವುದು ತಪ್ಪುತ್ತದೆ. ಊರಿನ ಸಮತಟ್ಟಾದ ರಸ್ತೆಯಲ್ಲಿ ಸದಾ ‘ಬಿ’ ಯಲ್ಲೇ ಓಡಿಸಿದರೆ ಹೆಚ್ಚು ಚಾರ್ಜ್ ಆಗುತ್ತದೆ ಎಂಬ ನಂಬಿಕೆ ಮಾತ್ರ ತಪ್ಪು. ಬ್ಯಾಟರಿಗೆ ಹೋಗಬಹುದಾಗಿದ್ದ ಶಕ್ತಿಯ ಒಂದು ಪಾಲು ಎಂಜಿನ್ ತಿರುಗಿಸುವುದರಲ್ಲೇ ವ್ಯರ್ಥವಾಗುತ್ತದೆ.

ಊರಿನೊಳಗೆ ಚೆನ್ನಾಗಿ ಕೊಡುವ ಗಾಡಿ ಎಕ್ಸ್‌ಪ್ರೆಸ್‌ವೇನಲ್ಲಿ ಏಕೆ ಸೊರಗುತ್ತದೆ?

ಡೀಸೆಲ್ ಗಾಡಿಗಳಲ್ಲಿ ಬೆಳೆದ ನಮ್ಮ ತಿಳಿವಳಿಕೆಗೆ ಇದು ತಲೆಕೆಳಗಾಗಿ ಕಾಣುತ್ತದೆ. ಹೆದ್ದಾರಿಯೆಂದರೆ ಹೆಚ್ಚು ಮೈಲೇಜ್ ಎಂಬುದು ನಮಗೆ ರೂಢಿ. ಮೇಲೆ ಹೇಳಿದ ಮೂರು ಸೋರಿಕೆಗಳನ್ನು ಮತ್ತೆ ನೋಡಿ. ಒಂದೇ ವೇಗದ ಓಟದಲ್ಲಿ ಬ್ರೇಕ್ ಇಲ್ಲ, ನಿಲುಗಡೆ ಇಲ್ಲ, ಎಂಜಿನ್ನಿನ ಮೇಲೆ ತಕ್ಕ ಹೊರೆಯೂ ಇದೆ. ಹಿಡಿದಿಡಲು ಸೋರಿಕೆಯೇ ಇಲ್ಲದಿರುವಾಗ ಹೈಬ್ರಿಡ್ ಏನನ್ನು ಉಳಿಸೀತು? ಉಳಿಯುವುದು ಅಟ್ಕಿನ್ಸನ್ ಎಂಜಿನ್ನಿನ ದಕ್ಷತೆಯ ಲಾಭವೊಂದೇ.

ಇನ್ನೊಂದು ಕಡೆ, ಎತ್ತರವಾದ, ಅಗಲವಾದ ಮುಖದ ಗಾಡಿಗೆ ಗಾಳಿ ದೊಡ್ಡ ಎದುರಾಳಿ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ: 80ರಿಂದ 100ಕ್ಕೆ ಹೋದರೆ ಒಂದೂವರೆ ಪಟ್ಟಿಗಿಂತ ಹೆಚ್ಚು, 120ಕ್ಕೆ ಹೋದರೆ ಎರಡೂಕಾಲು ಪಟ್ಟು. ಎಂಜಿನ್ನಿನಿಂದ ಚಕ್ರದವರೆಗಿನ ಒಟ್ಟು ದಕ್ಷತೆಯನ್ನು ಮೂರನೆಯ ಒಂದು ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಇಂಥ ಗಾಡಿ ಸಮತಟ್ಟಿನಲ್ಲಿ 100ರ ವೇಗದಲ್ಲಿ ಲೀಟರಿಗೆ 16 ಕಿಲೋಮೀಟರಿನ ಹತ್ತಿರ ಕೊಡುತ್ತದೆ, 120ರಲ್ಲಿ ಹನ್ನೆರಡೂವರೆಗೆ ಇಳಿಯುತ್ತದೆ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇನಲ್ಲಿ ಬಯಲಿನ ಭಾಗಕ್ಕೆ 100, ಘಾಟಿನ ಭಾಗಕ್ಕೆ 60 ಎಂಬ ಮಿತಿ ಇದೆ. ಅದನ್ನು ಪಾಲಿಸಿದರೆ ದಂಡವೂ ಇಲ್ಲ, ಪೆಟ್ರೋಲೂ ಉಳಿಯುತ್ತದೆ. ಛಾವಣಿಯ ಮೇಲೆ ಕ್ಯಾರಿಯರ್ ಕಟ್ಟಿ ಸಾಮಾನು ಹೇರಿದರೆ ಲೆಕ್ಕ ಇನ್ನಷ್ಟು ಕೆಡುತ್ತದೆ.

ಹೈಕ್ರಾಸ್‌ಗೆ ಲೀಟರಿಗೆ 23.24 ಕಿಲೋಮೀಟರ್ ಎಂದು ಹೇಳುತ್ತಾರೆ. ಅದು ಸುಳ್ಳೇ?

ಸುಳ್ಳಲ್ಲ, ಆದರೆ ನಿಮ್ಮ ರಸ್ತೆಯದಲ್ಲ. ಇಂಥ ಅಂಕಿಗಳನ್ನು ಪ್ರಮಾಣೀಕರಿಸುವ ಎಆರ್‌ಎಐ ಸಂಸ್ಥೆ ನಮ್ಮ ಪುಣೆಯಲ್ಲೇ, ಕೋಥ್ರೂಡ್ ಬದಿಯ ವೇತಾಳ ಗುಡ್ಡದ ಮೇಲಿದೆ. ಪರೀಕ್ಷೆ ನಡೆಯುವುದು ರಸ್ತೆಯಲ್ಲಲ್ಲ, ಉರುಳೆಗಳ ಮೇಲೆ. 1180 ಸೆಕೆಂಡುಗಳ ನಿಗದಿತ ಓಟ, ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್, ಸರಾಸರಿ ವೇಗ ಮೂವತ್ತೆರಡರ ಸುಮಾರು, ಏಸಿ ಬಂದ್. ಮೃದುವಾಗಿ ವೇಗ ಹೆಚ್ಚಿಸಿ, ನಿಂತು, ಮತ್ತೆ ಹೊರಡುವ ಈ ಕ್ರಮ ಹೈಬ್ರಿಡ್‌ಗೆ ಹೇಳಿ ಮಾಡಿಸಿದಂತಿದೆ. ಗಾಡಿ ಗಾಡಿಗಳನ್ನು ಹೋಲಿಸಲು ಈ ಅಂಕಿ ಉಪಯುಕ್ತ. ಮನೆಯ ಖರ್ಚಿನ ಅಂದಾಜಿಗಾದರೆ ಅದರಿಂದ ಕಾಲು ಭಾಗ ಕಳೆದು ಲೆಕ್ಕ ಹಾಕುವುದು ವಿವೇಕ ಎಂಬುದು ಈ ಲೇಖಕನ ಅಭಿಪ್ರಾಯ.

ಇಂಧನ ಉಳಿಸುವುದೇ ಗುರಿಯಾದರೆ ಸಣ್ಣ ಕಾರನ್ನೇ ಹೈಬ್ರಿಡ್ ಮಾಡಬಾರದೇ? ದೊಡ್ಡದಕ್ಕೆ ಇಷ್ಟು ಖರ್ಚು ಏಕೆ?

‘ಲೀಟರಿಗೆ ಎಷ್ಟು ಕಿಲೋಮೀಟರ್’ ಎಂಬ ನಮ್ಮ ಅಳತೆ ಇಲ್ಲಿ ದಾರಿ ತಪ್ಪಿಸುತ್ತದೆ. ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಕೇಳಿ ನೋಡಿ. ಸಣ್ಣ ಕಾರು 20ರಿಂದ 30ಕ್ಕೆ ಏರಿದರೆ, 5 ಲೀಟರ್ ಬೇಕಾಗಿದ್ದ ಕಡೆ 3.3 ಸಾಕು, ಉಳಿತಾಯ 1.7 ಲೀಟರ್. ದೊಡ್ಡ ಗಾಡಿ 6ರಿಂದ 9ಕ್ಕೆ ಏರಿದರೆ ಕೇಳಲು ಬರೀ ಮೂರು ಕಿಲೋಮೀಟರಿನ ಸುಧಾರಣೆ, ಆದರೆ 16.7 ಲೀಟರ್ 11.1ಕ್ಕೆ ಇಳಿಯುತ್ತದೆ, ಉಳಿತಾಯ ಐದೂವರೆ ಲೀಟರ್.

ಈ ಎರಡನೆಯ ಉದಾಹರಣೆ ಕಲ್ಪನೆಯದಲ್ಲ. ಜನರಲ್ ಮೋಟಾರ್ಸ್ 2008ರ ಮಾದರಿಯಾಗಿ ತಂದ ಷೆವರ್ಲೆ ಟಾಹೋ ಹೈಬ್ರಿಡ್ ನಿಖರವಾಗಿ ಇದನ್ನೇ ಸಾಧಿಸಿತು: ನಗರದಲ್ಲಿ ಸಾಮಾನ್ಯ ಟಾಹೋಗೆ ಅಮೆರಿಕದ ಗ್ಯಾಲನ್ನಿಗೆ 14 ಮೈಲಿ ಇದ್ದದ್ದು ಹೈಬ್ರಿಡ್‌ನಲ್ಲಿ 21ಕ್ಕೆ ಏರಿತು. ಅದರೊಳಗೆ 6 ಲೀಟರಿನ ವಿ8 ಎಂಜಿನ್, ಹೊರೆ ಕಡಿಮೆಯಿದ್ದಾಗ ನಾಲ್ಕು ಸಿಲಿಂಡರುಗಳನ್ನು ಮಲಗಿಸುವ ವ್ಯವಸ್ಥೆ, 300 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ, ಮತ್ತು ‘ಟೂ-ಮೋಡ್’ ಎಂಬ ಟ್ರಾನ್ಸ್‌ಮಿಷನ್ ಇದ್ದವು. ಒಂದೇ ಪ್ಲಾನೆಟರಿ ಜೋಡಣೆಯ ವ್ಯವಸ್ಥೆಯಲ್ಲಿ ಭಾರದ ಗಾಡಿಯನ್ನು ಹೆಚ್ಚಿನ ವೇಗದಲ್ಲಿ ಓಡಿಸಲು ದೊಡ್ಡ ಮೋಟಾರುಗಳು ಬೇಕು. ಟೂ-ಮೋಡ್‌ನಲ್ಲಿ ಎರಡು ಮೋಟಾರುಗಳ ಜೊತೆಗೆ ನಾಲ್ಕು ಸ್ಥಿರ ಗೇರುಗಳೂ ಇದ್ದುದರಿಂದ, ಭಾರ ಎಳೆಯುವಾಗ ಎಂಜಿನ್ನಿನ ಬಲ ನೇರವಾಗಿ ಚಕ್ರಕ್ಕೆ ಹೋಗುತ್ತಿತ್ತು. ಡೈಮ್ಲರ್ ಮತ್ತು ಬಿಎಂಡಬ್ಲ್ಯು ಕೂಡ ಇದರ ಅಭಿವೃದ್ಧಿಯಲ್ಲಿ ಪಾಲುದಾರರಾಗಿದ್ದವು. ತೂಕ ಇಳಿಸಲು ಬಾನೆಟ್ಟನ್ನು ಅಲ್ಯೂಮಿನಿಯಂನಲ್ಲಿ ಮಾಡಿದ್ದರು. ಇಷ್ಟಾದರೂ ಗಾಡಿ ಮಾರಾಟವಾಗಲಿಲ್ಲ. 50,000 ಡಾಲರಿಗೂ ಮೀರಿದ ಬೆಲೆ ಅದಕ್ಕೆ ಮುಳುವಾಯಿತು, 2013ರ ಮಾದರಿಯೊಂದಿಗೆ ಅದು ನಿಂತುಹೋಯಿತು. ಎಂಜಿನಿಯರಿಂಗ್ ಸೋಲಲಿಲ್ಲ, ಬೆಲೆ ಸೋಲಿಸಿತು.

ಹೆಚ್ಚು ಕೊಟ್ಟ ಹಣ ಎಷ್ಟು ವರ್ಷಕ್ಕೆ ಮರಳುತ್ತದೆ?

ಲೆಕ್ಕದ ದಾರಿ ಹೇಳುತ್ತೇನೆ, ಅಂಕಿಗಳನ್ನು ನಿಮ್ಮ ಶೋರೂಮಿನ ಕೊಟೇಶನ್ ನೋಡಿ ಬದಲಿಸಿಕೊಳ್ಳಿ. ಅದೇ ಗಾತ್ರದ ಸಾಮಾನ್ಯ ಪೆಟ್ರೋಲ್ ಗಾಡಿ 10, ಹೈಬ್ರಿಡ್ 16 ಕೊಡುತ್ತದೆ ಎಂದಿಟ್ಟುಕೊಳ್ಳಿ. ನೂರು ಕಿಲೋಮೀಟರಿಗೆ ಉಳಿಯುವುದು 3.75 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೆ 375 ರೂಪಾಯಿ. ಬೆಲೆಯ ವ್ಯತ್ಯಾಸ ನಾಲ್ಕು ಲಕ್ಷವಾದರೆ, ಅದು ಮರಳಲು ಸುಮಾರು 1,07,000 ಕಿಲೋಮೀಟರ್ ಓಡಬೇಕು. ವರ್ಷಕ್ಕೆ 15,000 ಓಡಿಸುವ ಮನೆಗೆ ಏಳು ವರ್ಷ. ವರ್ಷಕ್ಕೆ 8,000 ಓಡಿಸುವವರು ಹೈಬ್ರಿಡ್ ಕೊಳ್ಳುವುದಾದರೆ ಮೌನಕ್ಕಾಗಿ, ಸಿಗ್ನಲ್‌ನ ಸುಖಕ್ಕಾಗಿ ಕೊಳ್ಳಲಿ. ಹಣ ಉಳಿಸಲೆಂದು ಕೊಳ್ಳುವುದು ಬೇಡ. ಓಟದ ಬಹುಪಾಲು ಪುಣೆ–ಹುಬ್ಬಳ್ಳಿ ಹೆದ್ದಾರಿಯೇ ಆಗಿದ್ದರೆ ಒಳ್ಳೆಯ ಡೀಸೆಲ್ ಗಾಡಿ ಇಂದಿಗೂ ಸಮಜೋಡಿ. ತೆರಿಗೆಯ ಮಾತು: 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗೂ ದೊಡ್ಡ ಹೈಬ್ರಿಡ್‌ಗೂ ಶೇ. 40ರ ಒಂದೇ ಜಿಎಸ್‌ಟಿ ಇರುವುದರಿಂದ, ಮೊದಲು ಹೈಬ್ರಿಡ್‌ಗಿದ್ದ ರಿಯಾಯಿತಿ ಈಗ ಉಳಿದಿಲ್ಲ.

ಬ್ಯಾಟರಿ ಕೆಟ್ಟರೆ ಗತಿ ಏನು?

ಟೊಯೋಟಾ ಭಾರತದಲ್ಲಿ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರಿನ ವಾರಂಟಿ ಕೊಡುತ್ತದೆ. ಹೈಕ್ರಾಸ್‌ನಲ್ಲಿರುವುದು ನಿಕಲ್ ಮೆಟಲ್ ಹೈಡ್ರೈಡ್. ಲಿಥಿಯಂಗಿಂತ ಭಾರ, ಆದರೆ ಒರಟು ಬಳಕೆಯನ್ನು ಸಹಿಸುವ ಗಟ್ಟಿ ಜಾತಿ. ಬ್ಯಾಟರಿಗೆ ಗಾಳಿ ಎಳೆಯುವ ಜಾಲರಿ ಕ್ಯಾಬಿನ್ನಿನಲ್ಲಿದ್ದರೆ, ಅದರ ಮೇಲೆ ಚೀಲ, ಹೊದಿಕೆ ಒತ್ತದಂತೆ ನೋಡಿಕೊಳ್ಳಿ. ಸರ್ವಿಸ್ ವೇಳೆ ಆ ಜಾಲರಿಯ ಧೂಳು ತೆಗೆಸಿ.

ನಿಜವಾಗಿ ಕೈಕೊಡುವುದು ದೊಡ್ಡ ಬ್ಯಾಟರಿಯಲ್ಲ, 12 ವೋಲ್ಟಿನ ಚಿಕ್ಕದು. ಕಂಪ್ಯೂಟರುಗಳು ಏಳಬೇಕಾದರೆ ಅದು ಬೇಕು. ಗಾಡಿಯನ್ನು ಸೊಸೈಟಿಯ ಬೇಸ್‌ಮೆಂಟಿನಲ್ಲಿ ಬಿಟ್ಟು ರೈಲಿನಲ್ಲಿ ಊರಿಗೆ ಹೋಗಿ ಒಂದು ತಿಂಗಳು ಕಳೆದು ಬಂದವರು ಬಾಗಿಲೂ ತೆರೆಯದ ಗಾಡಿಯ ಮುಂದೆ ನಿಲ್ಲುವ ಪ್ರಸಂಗ ಇದರಿಂದಲೇ. ವಾರಕ್ಕೊಮ್ಮೆ ನೆರೆಮನೆಯವರಿಂದ ‘ರೆಡಿ’ ದೀಪ ಬರುವಂತೆ ಚಾಲೂ ಮಾಡಿಸಿ ಅರ್ಧ ಗಂಟೆ ಬಿಡುವುದು ಸಾಕು.

ಮಳೆಗಾಲದಲ್ಲಿ ನಿಂತ ನೀರಿನಲ್ಲಿ ಶಾಕ್ ಹೊಡೆಯುವುದೇ?

ಇಲ್ಲ. ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ತಂತಿಗಳು ಗಾಡಿಯ ಲೋಹದ ದೇಹದಿಂದ ಪೂರ್ತಿ ಬೇರ್ಪಟ್ಟಿರುತ್ತವೆ. ಸೋರಿಕೆ ಕಂಡರೆ ರಿಲೇಗಳು ಸಂಪರ್ಕ ಕಡಿಯುತ್ತವೆ. ಭಯಪಡಬೇಕಾದದ್ದು ಎಂಜಿನ್ನಿನ ಬಗ್ಗೆ: ಮೋಟಾರಿನ ಮೇಲೆ ನೀರು ದಾಟುತ್ತಿದ್ದೇವೆ ಎಂದು ನೀವು ನೆಮ್ಮದಿಯಿಂದಿರುವಾಗ ಎಂಜಿನ್ ತಾನಾಗಿಯೇ ಎದ್ದು ನೀರನ್ನು ಒಳಗೆಳೆದುಕೊಂಡರೆ ಕನೆಕ್ಟಿಂಗ್ ರಾಡುಗಳು ಬಾಗುತ್ತವೆ.

ಶೇ. 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿನಿಂದ ಮೈಲೇಜ್ ಇಳಿಯುತ್ತದೆಯೇ?

ಸ್ವಲ್ಪ ಇಳಿಯುತ್ತದೆ. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಕಡಿಮೆ. ಐದನೆಯ ಒಂದು ಭಾಗ ಬೆರೆಸಿದಾಗ ಲೀಟರಿನ ಶಕ್ತಿ ಶೇ. 6–7ರಷ್ಟು ಕುಗ್ಗುತ್ತದೆ. ಇದು ಹೈಬ್ರಿಡ್, ಸಾಮಾನ್ಯ ಗಾಡಿ ಎರಡಕ್ಕೂ ಸಮಾನ.

ಗಾಡಿಯ ಪರದೆ ತೋರಿಸುವ ಮೈಲೇಜನ್ನು ನಂಬಬಹುದೇ?

ಪರದೆಯ ಅಂಕಿ ಸಾಮಾನ್ಯವಾಗಿ ಉದಾರವಾಗಿರುತ್ತದೆ. ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತಂದು, ಮುಂದಿನ ಸಲ ಅದೇ ಬಂಕಿನಲ್ಲಿ ಮೊದಲ ಆಟೊ-ಕಟ್‌ವರೆಗೆ ಮಾತ್ರ ತುಂಬಿಸಿ, ಓಡಿದ ದೂರವನ್ನು ಬಿಲ್ಲಿನ ಲೀಟರಿನಿಂದ ಭಾಗಿಸಿ. ಟೆಸ್ಟ್ ಡ್ರೈವ್‌ನಲ್ಲಿ ಇಷ್ಟು ಸಾಧ್ಯವಿಲ್ಲದಿದ್ದರೂ, ಬಾಣೇರಿನ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ ಕಳುಹಿಸುವ ಶೋರೂಮಿಗೆ ಒಪ್ಪಬೇಡಿ. ಸಂಜೆ ಆರರ ನಂತರ ವಿದ್ಯಾಪೀಠ ಚೌಕದ ಮೇಲೆ ಹಾಯ್ದು, ನಾಲ್ಕು ಜನ ಕುಳಿತು, ಏಸಿ ಹಾಕಿ ಓಡಿಸಲು ಕೇಳಿ. ಮರುದಿನ ಕಾತ್ರಜ್ ಘಾಟಿಯನ್ನೂ ಹತ್ತಿಳಿಸಿ ನೋಡಿ. ಎರಡು ಓಟಗಳ ಅಂಕಿಯನ್ನೂ ಬೇರೆ ಬೇರೆಯಾಗಿ ಬರೆದುಕೊಂಡು, ನಿಮ್ಮ ತಿಂಗಳ ಓಟದಲ್ಲಿ ಯಾವುದರ ಪಾಲು ಎಷ್ಟು ಎಂಬುದನ್ನು ಹಾಕಿ ಸರಾಸರಿ ತೆಗೆಯಿರಿ.